ಹೊಸ್ತಿಲ ಮೇಲಿನ ರಾಶಿ

ಸೂರ್ಯನನ್ನು ಊಟಕ್ಕೂ ಬಿಡದೆ ಇಡೀ ದಿನ ಒಂದೇ ಕಡೆ ನಿಲ್ಲಿಸಿದವನು ನಾನು. ಪಾಪ, ಬೇಡಿಕೊಂಡ. ಹೊತ್ತಾಯಿತು, ಮುಳುಗಬೇಕು, ಬಿಟ್ಟುಬಿಡು ಅಂದ. ಸಂಜೆಗೆಂಪು ಇನ್ನೂ ಬೇಕಾಗಿದೆ, ಸುಮ್ಮನೆ ನಿಂತಿರು ಅಂದೆ. ನಿಂತ. ಮಾರನೆಯ ದಿನ ನನಗೆ ಬೇಸರ ಬಂತು, ಅವನನ್ನು ಪಡುವಣದಲ್ಲಿ ಹುಟ್ಟಿಸಿದೆ. ಒಂದು ಪ್ರಾಣಿಯೂ ಯಾಕೆ ಎಂದು ಕೇಳಲಿಲ್ಲ. ಮೋಡಗಳು ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದವು. ಒಮ್ಮೆ ಒಂದು ಸಮುದ್ರವನ್ನು ಜೇಬಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ತಂದೆ. ಕಂಡಕ್ಟರನಿಗೆ ಗೊತ್ತೇ ಆಗಲಿಲ್ಲ.

ನಗಬೇಡಿ. ನಮ್ಮ ಗಲ್ಲಿಯಲ್ಲಿ ನನ್ನ ಹೆಸರು ಬುರುಡೆ. ಅವ್ವ ಇಟ್ಟ ಹೆಸರು ಬೇರೆ ಇದೆ, ಅದನ್ನು ಹಿಡಿದು ಯಾರಾದರೂ ಕರೆದರೆ ತಿರುಗಿ ನೋಡಲು ನನಗೇ ಮರೆತುಹೋಗುತ್ತದೆ. ಆದರೆ ಸೂರ್ಯನ ವಿಷಯದಲ್ಲಿ ಬುರುಡೆ ಕಾಲುಪಾಲು ಮಾತ್ರ. ಮುಕ್ಕಾಲುಪಾಲು ನನ್ನ ವಿದ್ಯೆ.

ವಿದ್ಯೆ ಏನೆಂದು ಹೇಳುತ್ತೇನೆ. ಕಾರ್ಖಾನೆಯಷ್ಟು ದೊಡ್ಡ ಒಂದು ಶೆಡ್ಡು. ಅದರೊಳಗೆ ಕುದುರೆಲಾಳದ ಹಾಗೆ ಬಾಗಿದ ಒಂದು ಗೋಡೆ, ಆಕಾಶಕ್ಕಿಂತ ಒಂದು ಗೇಣು ಗಿಡ್ಡ. ಗೋಡೆಯ ತುಂಬ ಸಾಸಿವೆ ಕಾಳಿನಂಥ ದೀಪಗಳು. ಕಂಪ್ಯೂಟರಿನೊಳಗೆ ಒಂದು ಜಗತ್ತು ಕಟ್ಟಿ ಆ ಗೋಡೆಯ ಮೇಲೆ ಬಿಡುತ್ತಾರೆ. ಮುಂದೆ ನಾಲ್ಕು ಬುಟ್ಟಿ ನಿಜವಾದ ಮಣ್ಣು ಸುರಿದು ನಟನನ್ನು ನಿಲ್ಲಿಸುತ್ತಾರೆ. ಕ್ಯಾಮೆರಾ ಸರಿದ ಹಾಗೆ ಗೋಡೆಯೊಳಗಿನ ಜಗತ್ತೂ ಸರಿಯುತ್ತದೆ. ಸಿನಿಮಾ ನೋಡುವವನ ಕಣ್ಣಿಗೆ ನಟ ಮರುಭೂಮಿಯಲ್ಲಿ ಬೇಯುತ್ತಿದ್ದಾನೆ. ನಟ ಮಾತ್ರ ಏಸಿಯ ಕೆಳಗೆ ನಿಂತಿದ್ದಾನೆ. ಆ ಜಗತ್ತು ಕಟ್ಟುವುದನ್ನು ಕಲಿಸುವ ತರಗತಿ ಶೆಡ್ಡಿನ ಮಾಳಿಗೆಯ ಮೇಲೇ ಇದೆ. ನಾನು ಅಲ್ಲಿಯ ವಿದ್ಯಾರ್ಥಿ. ಮೌಸ್ ಎಳೆದರೆ ಬೆಟ್ಟ ಏಳುತ್ತದೆ, ಒತ್ತಿದರೆ ಹೊಳೆ ಹರಿಯುತ್ತದೆ. ಕೈ ಒದ್ದೆಯಾಗುವುದಿಲ್ಲ.

ಈ ಕೊನೆಯ ಮಾತು ಮುಖ್ಯ. ನಮ್ಮ ಗಲ್ಲಿಯಲ್ಲಿ ಕೈ ಒದ್ದೆಯಾಗದ ಕೆಲಸ ಯಾರಿಗೂ ಇಲ್ಲ.

ಗಂಡಸರು ಊರ ಒಳಚರಂಡಿಗೆ ಇಳಿಯುತ್ತಾರೆ. ಹೆಂಗಸರು ಊರ ಕಕ್ಕಸು ತೊಳೆಯುತ್ತಾರೆ, ಕಸ ಎತ್ತುತ್ತಾರೆ. ನನ್ನ ಅಣ್ಣ ಮ್ಯಾನ್‌ಹೋಲಿಗೆ ಇಳಿಯುವಾಗ ಎದೆ ತುಂಬ ಉಸಿರು ಎಳೆದುಕೊಂಡು ಇಳಿಯುತ್ತಾನೆ. ಮೇಲೆ ಬಂದಾಗ ಯಾರದೋ ಹೊಟ್ಟೆಯೊಳಗಿನದು ಅವನ ಕಿವಿಯಿಂದ ಇಳಿಯುತ್ತಿರುತ್ತದೆ. ಸೋಪು ಹಚ್ಚಿ ಉಜ್ಜಿ ಉಜ್ಜಿ ಬೆರಳ ಸಂದಿಯ ಚರ್ಮ ಎದ್ದಿದೆ. ಬಸ್ಸಿನಲ್ಲಿ ಅವನ ಪಕ್ಕದ ಸೀಟು ಯಾವತ್ತೂ ಖಾಲಿ. ಅಪ್ಪ ಹಾಗೇ ಒಂದು ಗುಂಡಿಗೆ ಇಳಿದವನು ಮೇಲೆ ಬರಲಿಲ್ಲ. ಅಪ್ಪನ ಜಾಗಕ್ಕೆ ಅಣ್ಣ ಇಳಿದ. ಅಣ್ಣ ಇಳಿದದ್ದಕ್ಕೆ ನಾನು ಓದಿದೆ.

ಓದಿ ಏನು ಮಾಡಿದೆ? ಮುಚ್ಚಿಟ್ಟೆ. ಮನೆ ಎಲ್ಲಿ ಅಂದರೆ ನೀರಿನ ಟ್ಯಾಂಕಿನ ಹತ್ತಿರ ಅಂದೆ. ಟ್ಯಾಂಕು ನಮ್ಮ ಗಲ್ಲಿಯಿಂದ ಕಾಣುತ್ತದೆ ಅನ್ನುವುದಷ್ಟೇ ಅದರಲ್ಲಿದ್ದ ನಿಜ. ತರಗತಿಯವರ ಜೊತೆ ಬಸ್ಸು ಹತ್ತಿದ ದಿನ ಹಿಂದಿನ ಸ್ಟಾಪಿನಲ್ಲೇ ಇಳಿದು ನಡೆದೆ. ಒಂದು ದಿನ ಅಣ್ಣ ಶೆಡ್ಡಿನ ಎದುರಿನ ರಸ್ತೆಯಲ್ಲೇ ಮ್ಯಾನ್‌ಹೋಲಿನ ಮುಚ್ಚಳ ಎತ್ತುತ್ತಿದ್ದ. ನನ್ನನ್ನು ನೋಡಿದ. ನಾನು ಫೋನು ಕಿವಿಗಿಟ್ಟುಕೊಂಡು ಯಾರ ಜೊತೆಯೋ ನಗುತ್ತ ದಾಟಿಹೋದೆ. ಫೋನಿನಲ್ಲಿ ಯಾರೂ ಇರಲಿಲ್ಲ.

ಮೊದಲ ದಿನದ ಪಾಠವೇ ಬೆಳಕು. ಮೇಷ್ಟ್ರು ಒಳ್ಳೆಯವರು, ಇದನ್ನು ಬಯ್ಯುತ್ತ ಹೇಳುತ್ತಿಲ್ಲ. ಅವರು ಕೇಳಿದರು: "ಬೆಳಕು ಗೊತ್ತಿಲ್ದೆ ಜಗತ್ತು ಕಟ್ಟೋಕಾಗಲ್ಲ. ನಿಮ್ಮ ನಿಮ್ಮ ಮನೆಗೆ ಬಿಸಿಲು ಎಲ್ಲಿಂದ ಬರುತ್ತೆ? ಒಬ್ಬೊಬ್ಬರಾಗಿ ಹೇಳಿ."

ನನ್ನ ಪಕ್ಕದ ಹುಡುಗಿಗೆ ನಾವು ಆಮೇಲೆ ಕನ್ನಡಕ ಎಂದು ಹೆಸರಿಟ್ಟೆವು. ಅವಳು ಬಾಲ್ಕನಿ ಅಂದಳು. ನನ್ನ ಸರದಿ ಬಂತು. ನಮ್ಮ ಮನೆಗೆ ಬಿಸಿಲು ನೇರವಾಗಿ ಬರುವುದೇ ಇಲ್ಲ. ಎದುರು ಮನೆಯ ತಗಡಿನ ಮೇಲೆ ಬಿದ್ದು, ಅಲ್ಲಿಂದ ಚಿಮ್ಮಿ, ಹೊಸ್ತಿಲು ದಾಟಿ, ಅಲ್ಲಿ ಕೂತ ಅವ್ವನ ಮೊಣಕಾಲಿನ ತನಕ ಬಂದು ನಿಲ್ಲುತ್ತದೆ. ಮೇಷ್ಟ್ರಿಗೆ ಬೇಕಾಗಿದ್ದ ಉತ್ತರ ಅದೇ ಎಂದು ಆಮೇಲೆ ತಿಳಿಯಿತು. ನಾನು ಹೇಳಿದ್ದು ಬೇರೆ.

"ಪೂರ್ವಕ್ಕೆ ದೊಡ್ಡ ಕಿಟಕಿ ಸಾರ್. ಬೆಳಿಗ್ಗೆ ಬಿಸಿಲು ಬಂದು ನಮ್ಮಪ್ಪ ಓದ್ತಿರೋ ಪೇಪರ್ ಮೇಲೆ ಬೀಳುತ್ತೆ."

ಸತ್ತವನ ಕೈಗೆ ಪೇಪರು ಕೊಟ್ಟೆ. ನನ್ನ ಕೈ ಅಷ್ಟು ದೊಡ್ಡದು.

ಓದು ಮುಗಿಯುವ ಹೊತ್ತಿಗೆ ಶೆಡ್ಡಿಗೆ ಒಂದು ಸಿನಿಮಾ ಬಂತು. ಒಬ್ಬ ದೊಡ್ಡ ಅಧಿಕಾರಿ ಒಂದು ಕೊಳಕು ಗಲ್ಲಿಗೆ ಬರುತ್ತಾನೆ, ಅಲ್ಲಿಯವರಿಗೆ ಶುಚಿಯಾಗಿರುವುದನ್ನು ಕಲಿಸುತ್ತಾನೆ. ಅದು ಕಥೆ. ಚರಂಡಿಗೆ ಇಳಿಯುವವರಿಗೆ ಕೈ ತೊಳೆಯುವುದನ್ನು ಕಲಿಸುವ ಕಥೆ. ಅದಕ್ಕೆ ಒಂದು ಗಲ್ಲಿ ಬೇಕು. ತರಗತಿಯವರೇ ಕಟ್ಟಲಿ ಎಂದು ಮೇಷ್ಟ್ರು ಒಪ್ಪಿಸಿ ಬಂದರು. ಯಾರ ಗಲ್ಲಿ ಗೋಡೆಯ ಮೇಲೆ ನಿಲ್ಲುತ್ತದೋ ಅವರಿಗೆ ಶೆಡ್ಡಿನಲ್ಲೇ ಕೆಲಸ. ಹೆಸರೂ ತೆರೆಯ ಮೇಲೆ.

"ಸುಳ್ಳು ಗಲ್ಲಿ ಬೇಡ. ನಿಜವಾದದ್ದನ್ನ ಸ್ಕ್ಯಾನ್ ಮಾಡ್ಕೊಂಡು ಬರ್ಬೇಕು. ಯಾರು ಹೋಗ್ತೀರಿ?"

"ಮಾಸ್ಕ್ ಕೊಡ್ತಾರಾ ಸಾರ್?" ಕನ್ನಡಕ ಕೇಳಿದಳು. ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ನಕ್ಕು, ಕೈ ಎತ್ತಿದೆ. ಊರಲ್ಲಿ ಅಂಥದ್ದು ಇರುವುದು ಒಂದೇ, ಬೇರೆ ಯಾರಾದರೂ ಹೋದರೆ ನಮ್ಮ ಗಲ್ಲಿಗೇ ಹೋಗುತ್ತಾರೆ. ಅಲ್ಲಿ ಯಾರಾದರೂ, ನಮ್ಮ ಬುರುಡೆಯೂ ಅಲ್ಲೇ ಕಲೀತಾನೆ ಅಂದುಬಿಡುತ್ತಾರೆ.

ಸ್ಕ್ಯಾನ್ ಅಂದರೆ ಮಂತ್ರವಲ್ಲ. ಕ್ಯಾಮೆರಾ ಹಿಡಿದು ಹೆಜ್ಜೆಗೊಂದು ಫೋಟೋ ತೆಗೆಯುತ್ತ ಹೋಗಬೇಕು. ಒಂದರ ಅಂಚು ಇನ್ನೊಂದರೊಳಗೆ ಇರಬೇಕು. ಕಂಪ್ಯೂಟರ್ ಅವನ್ನೆಲ್ಲ ಹೊಲಿದು ಗಲ್ಲಿಯನ್ನೇ ಎಬ್ಬಿಸಿ ನಿಲ್ಲಿಸುತ್ತದೆ. ಕಲ್ಲು ಕಲ್ಲಾಗಿಯೇ ಬರುತ್ತದೆ, ಬಾಗಿಲು ಬಾಗಿಲಾಗಿಯೇ. ಯಾಕೆಂದರೆ ಅವು ಅಲುಗುವುದಿಲ್ಲ. ಅಲುಗಿದ್ದು ಮಾತ್ರ ಕರಗಿದ ಮೇಣದ ಹಾಗೆ ಬರುತ್ತದೆ. ಬಿಸಿಲಿದ್ದರೆ ನೆರಳೂ ಅಲುಗುತ್ತದೆ, ಆದ್ದರಿಂದ ಮೋಡ ಕವಿದ ದಿನ ನೋಡಿಕೊಂಡು ಹೋದೆ. ಎಲ್ಲರನ್ನೂ ಒಳಗೆ ಕಳಿಸುತ್ತ ಬಂದೆ.

"ಏನೋ ಬುರುಡೆ, ಯಾರ ಮದುವೆ ಫೋಟೋ?" ಚಿಕ್ಕಮ್ಮ ಬಾಗಿಲಿಂದ ಕೇಳಿದಳು. ಅವ್ವನ ತಂಗಿ ಅವಳು, ಎದುರು ಮನೆ. ಅವಳ ಬಾಯಿಗೆ ಬಾಗಿಲಿಲ್ಲ.

"ಸ್ವಲ್ಪ ಒಳಗೆ ಹೋಗು ಚಿಕ್ಕಮ್ಮ. ಗೋಡೆ ಮಾತ್ರ ಬೇಕು."

"ನೋಡ್ರೇ, ನನ್ನ ಮುಖ ಬೇಡ್ವಂತೆ, ಗೋಡೆ ಬೇಕಂತೆ!"

"ಗೋಡೆ ನಿನಗಿಂತ ಚೆನ್ನಾಗಿದೆ ಬಿಡೇ," ಒಳಗಿಂದ ಯಾರೋ ಕೂಗಿದರು. ಗಲ್ಲಿ ನಕ್ಕಿತು.

ಅವ್ವ ಹೊಸ್ತಿಲ ಮೇಲೆ ಕೂತು ಅಣ್ಣನ ರಬ್ಬರ್ ಗ್ಲೌಸು ತೊಳೆಯುತ್ತಿದ್ದಳು. ಒಳಮೈ ಹೊರಗೆ ಮಾಡಿ, ಒಂದೊಂದು ಬೆರಳನ್ನೂ ಬೇರೆಬೇರೆಯಾಗಿ ಉಜ್ಜುವುದು ಅವಳ ಪದ್ಧತಿ. ಏಳು ಅಂದೆ.

"ಯಾಕೇಳ್ಲಿ? ನನ್ನ ಮನೆ, ನನ್ನ ಹೊಸ್ತಿಲು. ಮನೆ ಬೇಕು, ಮನೆಯವಳು ಬೇಡ್ವಾ?"

"ಹಾಗಾದ್ರೆ ಅಲ್ಲಾಡ್ಬೇಡ."

"ಕಲ್ಲಿನ ಹಾಗೆ ಕೂತಿರ್ತೀನಿ, ತೆಗಿ. ಚೆನ್ನಾಗಿ ಬರ್ಬೇಕು ನೋಡು."

ತಲೆ ಬಾಚಿಕೊಂಡು ಬಂದು ಕೂತಳು. ಕೂತದ್ದೂ ಕಲ್ಲಿನ ಹಾಗೆಯೇ. ರೆಪ್ಪೆ ಕೂಡ ಬಡಿಯಲಿಲ್ಲ. ಆದರೆ ಆ ಕೈಗಳು. ಗ್ಲೌಸು ಮಡಿಲಲ್ಲಿತ್ತಲ್ಲ, ಕೈ ತಾನಾಗಿಯೇ ಅದರ ಬೆರಳ ತುದಿ ಹುಡುಕಿ ಉಜ್ಜುತ್ತಿತ್ತು. ನಾನು ಗಮನಿಸಲಿಲ್ಲ. ಅವಳೂ ಗಮನಿಸಿರಲಾರಳು. ಆ ಕೈಗಳು ಸುಮ್ಮನಿದ್ದದ್ದನ್ನು ನಮ್ಮಿಬ್ಬರಲ್ಲಿ ಯಾರೂ ನೋಡಿರಲಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಊರ ಕಸವೆಲ್ಲ ನಮ್ಮವರ ಕೈ ಹಾದೇ ಹೋಗುತ್ತದೆ. ಅದಕ್ಕೇ ಇರಬೇಕು, ನಮ್ಮ ಗಲ್ಲಿಯಲ್ಲಿ ಯಾರ ಹೊಸ್ತಿಲ ಮೇಲೂ ಒಂದು ಕಡ್ಡಿ ಬಿದ್ದಿರುವ ಹಾಗಿಲ್ಲ. ಬಿದ್ದಿತ್ತೋ, ನಲ್ಲಿಯ ಹತ್ತಿರ ಆ ಮನೆಯವಳನ್ನು ಮಾತಾಡಿಸುವವರಿಲ್ಲ. ಬೇರೆಯವರ ಕಸ ಎತ್ತುವುದು ಹೊಟ್ಟೆಪಾಡು. ತನ್ನ ಹೊಸ್ತಿಲ ಮೇಲೆ ಕಸ ಕೂರಿಸಿಕೊಂಡವಳಿಗೆ ಮಾತ್ರ ಮರ್ಯಾದೆಯಿಲ್ಲ. ಅವ್ವ ಕೆಲಸಕ್ಕೆ ಹೋಗುವ ಮುಂಚೆ ಒಮ್ಮೆ, ಬಂದಮೇಲೆ ಒಮ್ಮೆ ಗುಡಿಸುತ್ತಾಳೆ. ಮುಂದಿನ ಗೋಡೆಗೆ ನೀಲಿ ಸುಣ್ಣ ಅವಳೇ ಬಳಿದದ್ದು.

ಮಾರನೆಯ ದಿನ ತರಗತಿಗೆ ಹೋದಾಗ ಎಲ್ಲರೂ ಸುತ್ತಿಕೊಂಡರು. ಕೇಳಬೇಕೇ? ಬಾಯಿ ಬಿಟ್ಟೆ. ಗಲ್ಲಿಯ ಬಾಯಲ್ಲೇ ಚಾಕು ಹಿಡಿದವರು ಅಡ್ಡಗಟ್ಟಿದರು ಅಂದೆ. ಕರುವಿನಷ್ಟು ದೊಡ್ಡ ಹೆಗ್ಗಣಗಳು ಅಂದೆ. ವಾಸನೆಗೆ ಕ್ಯಾಮೆರಾದ ಗಾಜೇ ಮಬ್ಬಾಯಿತು ಅಂದೆ. ಒಬ್ಬಳು ಮುದುಕಿ ನನ್ನ ಕೈ ಕಚ್ಚಲು ಬಂದಳು ಅಂದೆ.

"ಅಯ್ಯೋ! ಅಂಥಾ ಕಡೆ ಹೇಗಿರ್ತಾರೆ ಜನ?" ಕನ್ನಡಕ ಕೇಳಿದಳು.

"ಅವ್ರಿಗೆ ಅಭ್ಯಾಸ," ಅಂದೆ.

ನನ್ನ ಜೀವಮಾನದ ಬುರುಡೆಗಳಲ್ಲಿ ಯಾರೂ ಅನುಮಾನಪಡದೆ ನಂಬಿದ ಬುರುಡೆ ಅದೊಂದೇ.

ಗಲ್ಲಿಯನ್ನು ಗೋಡೆಯ ಮೇಲೆ ಬಿಟ್ಟ ದಿನ ಸಿನಿಮಾದ ನಿರ್ದೇಶಕನೂ ಬಂದಿದ್ದ. ದೀಪ ಹೊತ್ತಿಕೊಂಡವು. ಎದ್ದು ನಿಂತಿತು ನಮ್ಮ ಗಲ್ಲಿ. ತಗಡು, ನಲ್ಲಿ, ಚಿಕ್ಕಮ್ಮನ ಬಾಗಿಲ ಬಿರುಕು, ನಮ್ಮ ನೀಲಿ ಗೋಡೆ. ತಗಡಿನಿಂದ ಚಿಮ್ಮುವ ಬೆಳಕನ್ನು ಕೂಡ ಕಂಪ್ಯೂಟರಿನಲ್ಲಿ ಹಾಕದೆ ಬಿಟ್ಟಿರಲಿಲ್ಲ. ಮೇಷ್ಟ್ರು ನನ್ನ ಬೆನ್ನು ತಟ್ಟಿದರು.

"ಅದೇನದು?" ನಿರ್ದೇಶಕ ಬೆರಳು ತೋರಿಸಿದ.

ಹೊಸ್ತಿಲ ಮೇಲೆ ಅವ್ವ ಇದ್ದಳು. ತಲೆ ಇತ್ತು. ಕಣ್ಣು ಕೂಡ ಇದ್ದವು. ಎದೆಯ ಕೆಳಗೆ ಎಲ್ಲ ಕರಗಿ ಮುದ್ದೆಯಾಗಿತ್ತು. ಆ ಮುದ್ದೆಯಿಂದ ಹತ್ತಾರು ಕೈಗಳು ಮೊಳೆತು, ಒಂದರೊಳಗೊಂದು ಸೇರಿ, ಅರ್ಧಕ್ಕೇ ತುಂಡಾಗಿದ್ದವು. ಆ ಗೋಡೆಯ ಮೇಲೆ ಮನೆಯಷ್ಟು ದೊಡ್ಡದಾಗಿ.

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಎಲ್ಲರೂ. "ದೆವ್ವ ಸಿನಿಮಾಕ್ಕೆ ಇಟ್ಕೊಳ್ಳೋಣ ಸಾರ್," ಅಂದ ಒಬ್ಬ.

"ಯಾರೋ ಕೂತಿದ್ರು ಅನ್ಸುತ್ತೆ, ಅಲ್ವೇನಯ್ಯ?" ಮೇಷ್ಟ್ರು ಕೇಳಿದರು.

"ಇಲ್ಲ ಸಾರ್," ಅಂದೆ. "ಕಸದ ರಾಶಿ. ಸ್ಕ್ಯಾನ್ ಸರಿ ಬಂದಿಲ್ಲ."

"ಕಸ ಆದ್ರೆ ಕಸದ ಹಾಗೇ ಕಾಣ್ಬೇಕಲ್ಲ. ತೆಗ್ದು ಒಂದು ಒಳ್ಳೆ ರಾಶಿ ಹಾಕು."

ಕಂಪ್ಯೂಟರಿನಲ್ಲಿ ಒಂದು ಉಗ್ರಾಣವಿದೆ. ಮರ ಬೇಕೆಂದರೆ ಮರ, ಕಲ್ಲು ಬೇಕೆಂದರೆ ಕಲ್ಲು. ಕಸದ ರಾಶಿಗಳೇ ಎಷ್ಟೋ ಬಗೆ. ನಾನು ಅವ್ವನ ಸುತ್ತ ಒಂದು ಗೆರೆ ಎಳೆದೆ. ಒಂದು ಕೀ ಒತ್ತಿದೆ. ಹೋದಳು. ಹೊಸ್ತಿಲಿಗೆ ತೂತು ಬಿತ್ತು. ಆ ತೂತಿನ ಮೇಲೆ ಒಂದು ರಾಶಿ ತಂದು ಕೂರಿಸಿದೆ. ಸ್ವಲ್ಪ ತಿರುಗಿಸಿದೆ. ದೊಡ್ಡದು ಮಾಡಿದೆ. ನೊಣ ಹಾಕು ಅಂದರು, ಹಾಕಿದೆ. ಗೋಡೆ ತೀರಾ ಚೊಕ್ಕವಾಗಿದೆಯಲ್ಲ ಅಂದ ನಿರ್ದೇಶಕ. ಕೊಳೆ ಹೆಚ್ಚು ಕಡಿಮೆ ಮಾಡಲು ಒಂದು ಪಟ್ಟಿ ಇರುತ್ತದೆ, ರೇಡಿಯೋ ದನಿ ಏರಿಸುವ ಹಾಗೆ. ಏರಿಸಿದೆ. ನೀಲಿ ಸುಣ್ಣದ ಮೇಲೆ ಕಪ್ಪು ಇಳಿಯಿತು. ಇನ್ನೂ ಅಂದ. ಇನ್ನೂ ಏರಿಸಿದೆ.

"ಭೇಷ್! ಈಗ ನೋಡು ನಿಜ ಅನ್ಸುತ್ತೆ," ಅಂದ. ಕೆಲಸ ನನ್ನದೇ ಎಂದಾಯಿತು.

ಹೋದ ವಾರ ಚಿತ್ರೀಕರಣ. ನಾನು ಗೋಡೆಯ ಪಕ್ಕದ ಮೇಜಿನಲ್ಲಿದ್ದೆ, ಕಂಪ್ಯೂಟರಿನ ಮುಂದೆ, ಕೊರಳಿಗೆ ಹೊಸ ಗುರುತಿನ ಚೀಟಿ ನೇತುಹಾಕಿಕೊಂಡು. ಗೋಡೆಯೊಳಗಿನ ಹೊಸ್ತಿಲಿಗೆ ಸರಿಯಾಗಿ ಮುಂದೆ ಒಂದು ನಿಜವಾದ ಕಟ್ಟೆ ಕಟ್ಟಿದ್ದರು. ಅದರ ಮೇಲೆ ನಿಜವಾದ ಕಸ ಸುರಿದಿದ್ದರು, ಒಳಗಿನ ರಾಶಿಯೂ ಹೊರಗಿನ ರಾಶಿಯೂ ಒಂದೇ ಎನಿಸಬೇಕಲ್ಲ. ಜನ ಬೇಕಿತ್ತು. ಜನವನ್ನು ಎಲ್ಲಿಂದ ತರುತ್ತಾರೆ ಎಂದು ನಾನು ಕೇಳಿರಲಿಲ್ಲ. ವ್ಯಾನಿನ ಬಾಗಿಲು ತೆಗೆದರು. ಮೊದಲು ಇಳಿದವಳು ಚಿಕ್ಕಮ್ಮ. ಹಿಂದೆ ಅವ್ವ.

ಸಿನಿಮಾ ಎಂದು ಗಲ್ಲಿಯ ಹೆಂಗಸರೆಲ್ಲ ಇದ್ದದ್ದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದಿದ್ದರು. ಮೊದಲು ಅದನ್ನು ಬಿಚ್ಚಿಸಿದರು. ಹರಿದದ್ದು ಕೊಟ್ಟರು. ಮೇಕಪ್ಪಿನವನು ಒಂದು ಡಬ್ಬಿ ತಂದು ತೊಳೆದ ಮುಖಗಳಿಗೆ ಮಸಿ ಬಳಿದ, ಸಾಲಾಗಿ ನಿಲ್ಲಿಸಿ, ಬೇಲಿಗೆ ಬಣ್ಣ ಬಳಿಯುವ ಹಾಗೆ. ಬೆಳಿಗ್ಗೆಯಿಂದ ನಿಂತರು. ಕುರ್ಚಿಯಿಲ್ಲ. ನೀರು ಕೇಳಿದರೆ ಆಮೇಲೆ ಅಂದರು. ಚಿಕ್ಕಮ್ಮ ಕಕ್ಕಸು ಎಲ್ಲಿ ಅಂದಳು.

"ಅದು ಕಲಾವಿದರಿಗೆ. ನೀವು ಹೊರಗೆ ಎಲ್ಲಾದ್ರೂ ಹೋಗ್ಬನ್ನಿ," ಅಂದ ಒಬ್ಬ ಸಹಾಯಕ.

"ಬೆಳಿಗ್ಗೆ ಅದನ್ನ ತೊಳೆದೋಳು ನಮ್ಮ ಗಲ್ಲಿಯೋಳೇ ಕಣಪ್ಪ," ಅಂದಳು ಚಿಕ್ಕಮ್ಮ. "ತೊಳೆಯೋಕೆ ಬರುತ್ತೆ, ಕೂರೋಕೆ ಬರಲ್ವಾ ನಮಗೆ?"

ನಾನು ಕಂಪ್ಯೂಟರಿನ ಪರದೆಯ ಹಿಂದೆ ತಲೆ ತಗ್ಗಿಸಿದೆ.

ಆಗ ಗೋಡೆ ಹೊತ್ತಿಕೊಂಡಿತು. "ಅಯ್ಯೋ, ನಮ್ಮ ಗಲ್ಲಿ!" ಅವ್ವನ ದನಿ. ಮಸಿಯೊಳಗೂ ಅವಳ ಮುಖ ಅರಳಿದ್ದು ನನಗೆ ಕಂಡಿತು. ಗುಂಪು ಬಿಟ್ಟು ಗೋಡೆಯ ಹತ್ತಿರ ಹೋದಳು. "ಮನೆ ಯಾಕೋ ಸೊಟ್ಟಗಿದೆಯಲ್ಲ?"

"ಕ್ಯಾಮೆರಾ ಇರೋ ಜಾಗದಿಂದ ನೋಡಿದ್ರೆ ಮಾತ್ರ ನೆಟ್ಟಗೆ ಕಾಣುತ್ತಮ್ಮ," ಅಂದರು ಮೇಷ್ಟ್ರು. "ಅಲ್ಲಿ ನಿಂತು ನೋಡಿದ್ರೆ ಸೊಟ್ಟಗೇ."

ಅವ್ವನಿಗೆ ಅದು ಕೇಳಿಸಿದ ಹಾಗಿರಲಿಲ್ಲ. ಅವಳು ಹುಡುಕುತ್ತಿದ್ದಳು. ಹೊಸ್ತಿಲು ಸಿಕ್ಕಿತು. ನೋಡುತ್ತ ನಿಂತಳು.

"ಏಯ್, ಅಲ್ಲಿರೋ ಮುದುಕೀನೇ ಇರ್ಲಿ," ನಿರ್ದೇಶಕ ಮೈಕಿನಲ್ಲಿ ಕೂಗಿದ. "ಆ ಕಸದ ಪಕ್ಕ ಕೂತ್ಕೊಳ್ಲಿ. ಅದರಲ್ಲಿ ಕೈ ಹಾಕಿ ತಿನ್ನೋಕೇನಾದ್ರೂ ಸಿಗುತ್ತಾ ಅಂತ ಹುಡುಕ್ಲಿ. ಅಧಿಕಾರಿ ಬಂದು ಅವಳ ಕೈ ಹಿಡಿದು ಎಬ್ಬಿಸ್ತಾನೆ."

ಅವ್ವ ತಿರುಗಿದಳು. "ಅಲ್ಲಿ ನಾನು ಕೂತಿದ್ದೆ," ಅಂದಳು. "ನನ್ನ ಜಾಗದಲ್ಲಿ ಕಸ ಹಾಕಿದ್ದು ಯಾರು?"

ಇಲ್ಲಿ ಕೇಳಿ. ನಾನು ಎದ್ದೆ. ಕುರ್ಚಿ ಹಾರಿ ಸೂರಿಗೆ ಬಡಿಯಿತು. "ಅವಳು ನನ್ನ ಅವ್ವ!" ಅಂದೆ. ಶೆಡ್ಡು ನಡುಗಿತು. ಒಂದೇ ಜಿಗಿತಕ್ಕೆ ಹೋಗಿ ಗೋಡೆಯ ಮುಖ್ಯ ಸ್ವಿಚ್ಚು ಕಿತ್ತು ಕೈಗೆ ತೆಗೆದುಕೊಂಡೆ. ಗೋಡೆ ಕಪ್ಪಾಯಿತು. ಊರಿಗೆ ಊರೇ ಕಪ್ಪಾಯಿತು. ನಿರ್ದೇಶಕ ಓಡಿಬಂದು ನನ್ನ ಕಾಲು ಹಿಡಿದ. "ನನ್ನ ಕಾಲಲ್ಲ, ಅವ್ವನ ಕಾಲು ಹಿಡಿ," ಅಂದೆ. ಹಿಡಿದ. ಅವ್ವನ ಮುಖದ ಮಸಿಯನ್ನು ಅವನ ಅಂಗಿಯಿಂದಲೇ ಒರೆಸಿ, ಕೊರಳ ಚೀಟಿಯನ್ನು ಹರಿದೆಸೆದು, ಅವಳನ್ನು ಹೆಗಲ ಮೇಲೆ ಹೊತ್ತುಕೊಂಡು ಗಲ್ಲಿಯ ತನಕ ನಡೆದೆ. ದಾರಿಯುದ್ದಕ್ಕೂ ಜನ.

ಇಷ್ಟು ಬರೆದು ಮುಗಿಸಿ, ನಲ್ಲಿಕಟ್ಟೆಯ ಮೇಲೆ ಕೂತು ಚಿಕ್ಕಮ್ಮನಿಗೆ ಓದಿ ಹೇಳಿದೆ. ಬಟ್ಟೆ ಒಗೆಯುತ್ತ ಕೇಳಿದಳು. ಸೂರ್ಯನ ಮಾತು ಬಂದಲ್ಲಿ ನಕ್ಕಳು. ತನ್ನ ಬಾಯಿಗೆ ಬಾಗಿಲಿಲ್ಲ ಅನ್ನುವಲ್ಲಿ ನನ್ನ ಮೇಲೆ ನೀರು ಎರಚಿದಳು. ಕೊನೆಗೆ ಬಂದಾಗ ಒಗೆಯುವುದು ನಿಂತಿತ್ತು.

"ಆ ಕಾಲು ಹಿಡಿದದ್ದನ್ನ ಇನ್ನೊಂದ್ಸಲ ಓದು."

ಓದಿದೆ.

"ಬುರುಡೆ, ನಾನು ಕುರುಡಿಯೇನೋ? ಅವತ್ತು ನಿನ್ನವ್ವನ ಪಕ್ಕದಲ್ಲಿ ನಿಂತಿದ್ದೋಳು ಯಾರು?"

"ಕಥೆ ಅಲ್ವಾ ಚಿಕ್ಕಮ್ಮ. ಸ್ವಲ್ಪ..."

"ಸ್ವಿಚ್ಚು ಯಾವಾಗ ಕಿತ್ತೆ? ನಾವು ಹೊರಗೆ ಬರೋವಾಗ ನಿನ್ನ ಗೋಡೆ ಧಗಧಗ ಉರೀತಿತ್ತಲ್ಲೋ. ನೀನು ಕುರ್ಚಿ ಬಿಟ್ಟು ಎದ್ದೇ ಇರ್ಲಿಲ್ಲ. ಎದ್ದೋಳು ಅವಳು. ಬೇಡ ಅಂದೋಳು ಅವಳು. ನೀನು ಮಾಡಿದ್ದು ಅಂತ ಬರ್ಕೊಂಡಿದೀಯ." ಸೋಪಿನ ಕೈ ಒರೆಸಿಕೊಂಡಳು. ನಗು ಎಲ್ಲಿಯೂ ಇರಲಿಲ್ಲ. "ಅವಳ ಮನೆ ತಗೊಂಡೆ. ಅವಳು ಕೂತಿದ್ದ ಜಾಗ ತಗೊಂಡೆ. ಈಗ ಅವಳ ಸಿಟ್ಟೂ ಬೇಕೇನೋ ನಿನಗೆ?"

ಪೆನ್ನು ತೆಗೆದು ಅಲ್ಲೇ ಮುಂದಕ್ಕೆ ಬರೆಯತೊಡಗಿದೆ. ಬುರುಡೆ ನಿಜ ಬರೆಯಲು ಕೂತ ಎಂದರೆ ಗಲ್ಲಿಯಲ್ಲಿ ಯಾರೂ ನಂಬುವುದಿಲ್ಲ. ಇದಕ್ಕಿಂತ ದೊಡ್ಡ ಬುರುಡೆ ಇಲ್ಲ ಅನ್ನುತ್ತಾರೆ.

ಸರಿ. ನಡೆದದ್ದು ಹೀಗೆ.

ಯಾರು ಹಾಕಿದ್ದು ಎಂದು ಅವ್ವ ಕೇಳಿದಾಗ ಮೇಷ್ಟ್ರು ಅಭಿಮಾನದಿಂದಲೇ ನನ್ನ ಕಡೆ ಕೈ ತೋರಿಸಿದರು. "ಇವನೇ ನೋಡಮ್ಮ. ಇಡೀ ಗಲ್ಲಿ ಇವನು ಮಾಡಿದ್ದು."

ಅವ್ವ ನನ್ನನ್ನು ನೋಡಿದಳು. ಕೊರಳ ಚೀಟಿ ನೋಡಿದಳು. ಪಕ್ಕದಲ್ಲಿ ನಿಂತ ಕನ್ನಡಕವನ್ನು ನೋಡಿದಳು. ನಾನು ಏನೂ ಹೇಳಿರಲಿಲ್ಲ, ಆದರೂ ಅವಳಿಗೆ ಎಲ್ಲ ತಿಳಿಯಿತು. ಎಷ್ಟು ಬೇಗ ತಿಳಿಯಿತೆಂದರೆ, ಎಷ್ಟೋ ದಿನದಿಂದ ತಿಳಿದೇ ಇತ್ತೇನೋ.

"ನೀವು ಹಾಕಿದ್ದಾ, ಸಾರ್?" ಅಂದಳು.

ಅವಳು ನನ್ನನ್ನು ಬಿಟ್ಟುಕೊಡಲಿಲ್ಲ. ಆ ಕ್ಷಣದಲ್ಲೂ ನನ್ನ ಕೆಲಸ ಉಳಿಸಿದಳು. ನಾನು ಏನಂದೆ?

"ಹೌದಮ್ಮ. ಸ್ವಲ್ಪ ಆ ಕಡೆ ನಿಂತ್ಕೊಳ್ಳಿ, ಗೋಡೆ ಮುಟ್ಟಬಾರದು."

ಅವ್ವ ಆ ಕಡೆ ನಿಲ್ಲಲಿಲ್ಲ. ಕಟ್ಟೆಯ ಹತ್ತಿರ ಹೋದಳು. ಬಗ್ಗಿದಳು. ನಿರ್ದೇಶಕ, "ಹಾಂ, ಹಾಗೇ, ಹುಡುಕಮ್ಮ ಹುಡುಕು," ಅಂದ. ಅವ್ವ ಎರಡೂ ಕೈಯಿಂದ ಕಸ ಬಾಚಿದಳು. ಬಾಚಿ ಬಾಚಿ ಕಟ್ಟೆಯಿಂದ ಕೆಳಗೆ ತಳ್ಳಿದಳು. ಸೆರಗಿನ ತುದಿಯಿಂದ ಕಲ್ಲು ಒರೆಸಿದಳು. ಸಹಾಯಕ ಓಡಿಬಂದು ಅವಳ ರಟ್ಟೆ ಹಿಡಿದು ಎಳೆದ.

"ಕೈ ಬಿಡು," ಅಂದಳು.

"ಏಯ್, ಕಸ ತೆಗೀಬೇಡ! ಸೆಟ್ ಅದು!"

"ಸೆಟ್ಟೋ ಗಿಟ್ಟೋ. ಇದು ನನ್ನ ಮನೆ ಹೊಸ್ತಿಲು. ನಿಮ್ಮ ಮನೆ ಕಕ್ಕಸು ತೊಳೀತೀನಿ, ಅದು ನನ್ನ ಕೆಲಸ. ನನ್ನ ಹೊಸ್ತಿಲ ಮೇಲೆ ಕೂತು ಕಸ ತಿನ್ನಲ್ಲ. ತಿಂದ ಹಾಗೆ ಸುಳ್ಳೂ ಆಡಲ್ಲ. ಯಾವನು ಬಂದು ಎಬ್ಬಿಸ್ತಾನೆ ನನ್ನ? ನಾನು ಬಿದ್ದಿದ್ದೀನಾ?"

ಗೋಡೆಯೊಳಗಿನ ರಾಶಿಗೂ ಕೈ ಚಾಚಿದಳು. ಬೆರಳು ಗಾಜಿನಂಥ ದೀಪಗಳಿಗೆ ತಾಗಿ ನಿಂತವು. ಅದನ್ನು ಬಾಚಲು ಆಗಲಿಲ್ಲ. ಅಲ್ಲೇ ಒಂದು ಗಳಿಗೆ ಕೈ ಇಟ್ಟುಕೊಂಡು ನಿಂತಿದ್ದಳು. ಆಮೇಲೆ ಕೊಟ್ಟ ಹರಕು ಬಟ್ಟೆಯಿಂದಲೇ ಮುಖದ ಮಸಿ ಒರೆಸಿಕೊಂಡು ಬಾಗಿಲ ಕಡೆ ನಡೆದಳು. ಚಿಕ್ಕಮ್ಮ ಹಿಂದೆ ಹೋದಳು. ಗಲ್ಲಿಯ ಹೆಂಗಸರೆಲ್ಲ ಹೋದರು. ಒಬ್ಬಳೂ ಉಳಿಯಲಿಲ್ಲ.

ಚಿಕ್ಕಮ್ಮ, ನೀನು ನೋಡಿದ್ದು ಇಷ್ಟು. ನೋಡದೆ ಇದ್ದದ್ದನ್ನೂ ಬರೆಯುತ್ತೇನೆ, ಮತ್ತೆ ಯಾರೂ ನನ್ನ ಬಾಯಿಂದ ಇದನ್ನು ಕೇಳಲಾರರು.

ನೀವು ಹೋದಮೇಲೆ ನಿರ್ದೇಶಕ ನೆತ್ತಿಯ ಮೇಲೆ ಕೈಯಿಟ್ಟುಕೊಂಡು ಕೂತ. ಅಧಿಕಾರಿಯ ವೇಷದವನು ಗಡಿಯಾರ ನೋಡಿಕೊಂಡ. "ಜನ ಇಲ್ದೆ ಗಲ್ಲಿ ಖಾಲಿ ಹೊಡೀತಿದೆಯಲ್ರೀ," ಅಂದ ನಿರ್ದೇಶಕ. "ಏನಾದ್ರೂ ಮಾಡಯ್ಯ." ನನಗೇ ಹೇಳಿದ್ದು.

ನಾನು ಆಗ ಏಳಬಹುದಿತ್ತು. ಅವ್ವ ಬಾಗಿಲು ತೆಗೆದಿಟ್ಟೇ ಹೋಗಿದ್ದಳು, ಹೊರಗಿನ ಬೆಳಕು ನೆಲದ ಮೇಲೆ ಬಿದ್ದಿತ್ತು. ಹತ್ತು ಹೆಜ್ಜೆಯೂ ಇರಲಿಲ್ಲ. ನಾನು ಉಗ್ರಾಣ ತೆರೆದೆ. ಯಾರು ಯಾರ ಬಾಗಿಲಲ್ಲಿ ನಿಲ್ಲಬೇಕಾಗಿತ್ತೋ ನನಗೆ ಗೊತ್ತಿತ್ತಲ್ಲ. ಆ ಬಾಗಿಲಿಗೊಂದು, ಈ ಬಾಗಿಲಿಗೊಂದು ಕಸದ ರಾಶಿ ಇಡುತ್ತ ಹೋದೆ. ಬಿರುಕು ಬಿಟ್ಟ ಬಾಗಿಲಿನ ಮುಂದೆ, ನಿನ್ನ ಜಾಗದಲ್ಲೂ ಒಂದು ಇಟ್ಟೆ, ಚಿಕ್ಕಮ್ಮ. ಅವ್ವನದನ್ನು ಇನ್ನಷ್ಟು ದೊಡ್ಡದು ಮಾಡಿದೆ. ಮುಂದಿನ ಕಟ್ಟೆಯ ಮೇಲೆ ಅವಳು ಒರೆಸಿದ್ದ ಜಾಗಕ್ಕೆ ನೋಡುವವನ ಕಣ್ಣು ಹೋಗದ ಹಾಗೆ.

ಕೈ ಒದ್ದೆಯಾಗಲಿಲ್ಲ.

ಆಮೇಲೆ ಎದ್ದು ನಿಂತೆ. ಅವತ್ತು ನಾನು ಎದ್ದದ್ದು ಆಗ ಮಾತ್ರ. ಎದ್ದು, ನಿರ್ದೇಶಕನ ಕಡೆ ತಿರುಗಿ, ಅವನು ಏನೂ ಕೇಳುವ ಮುಂಚೆ ನಾನೇ ಕೇಳಿದೆ:

"ಇಷ್ಟು ಸಾಕಾ ಸಾರ್? ಇನ್ನೂ ಹಾಕ್ಲಾ?"